ವಿದೇಶದಲ್ಲಿ ಇಂಗ್ಲಿಷ್ ಬೋಧನೆ: ಪದವಿ, ವೀಸಾ ಮತ್ತು ಕಾನೂನು

ವಾರಾಣಸಿಯಲ್ಲಿ ಶವಸಂಸ್ಕಾರ ನಡೆಯುವ ಪ್ರಮುಖ ಘಟ್ಟಗಳು ಎರಡು. ಒಂದು ಮಣಿಕರ್ಣಿಕಾ ಘಾಟ್, ಇನ್ನೊಂದು ಹರಿಶ್ಚಂದ್ರ ಘಾಟ್. ಕೊಟ್ಟ ಮಾತಿಗಾಗಿ ರಾಜ್ಯವನ್ನು ತೊರೆದು, ಮಡದಿ ಮಗನನ್ನೂ ಕೊನೆಗೆ ತನ್ನನ್ನೂ ಮಾರಿಕೊಂಡು ಸ್ಮಶಾನವನ್ನು ಕಾದ ಅರಸನ ಕಥೆ ರಾಘವಾಂಕನ ಕಾವ್ಯದ ಮೂಲಕ ಕನ್ನಡಿಗರಿಗೆ ಚಿರಪರಿಚಿತವಾಗಿದೆ. ಘಟ್ಟಕ್ಕೆ ಬಂದಿರುವುದು ಆ ಅರಸನ ಹೆಸರೇ. ಅದಕ್ಕೆ ಹೊಂದಿಕೊಂಡಂತೆಯೇ ಕರ್ನಾಟಕ ಘಾಟ್ ಇದೆ. ಹನುಮಾನ್ ಘಾಟ್‌ನಿಂದ ಕೇದಾರ ಘಾಟ್‌ವರೆಗಿನ ಈ ಭಾಗದಲ್ಲಿ ದಕ್ಷಿಣ ಭಾರತದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವುದರಿಂದ ಕನ್ನಡ ನಾಡಿನಿಂದ ಹೋದ ಯಾತ್ರಿಕರಿಗೆ ಇದು ತೀರ ಪರಸ್ಥಳವೆನಿಸುವುದಿಲ್ಲ.

ಇದೇ ಓಣಿಗಳಲ್ಲಿ ವಿದೇಶೀ ಪ್ರವಾಸಿಗರೂ ವಾರಗಟ್ಟಲೆ ತಂಗುವುದುಂಟು. ಕೆಲವರು ಹಿಂದಿ ಕಲಿಯುತ್ತಾರೆ, ಕೆಲವರು ತಬಲಾ ಅಥವಾ ಸಿತಾರ್ ಅಭ್ಯಾಸ ಮಾಡುತ್ತಾರೆ. ಹೀಗೆ ಬಂದ ಒಬ್ಬ ಯುವಕ ತಾನು ತಂಗಿದ ವಸತಿಗೃಹದ ಜಗುಲಿಯಲ್ಲಿ ನೆರೆಯ ಮಕ್ಕಳಿಗೆ ಸಂಜೆ ಒಂದು ಗಂಟೆ ಇಂಗ್ಲಿಷ್ ಹೇಳಿಕೊಡಲಾರಂಭಿಸುತ್ತಾನೆಂದು ಊಹಿಸೋಣ. ಮಾಲೀಕರು ಸಂತೋಷಪಟ್ಟು ಕೋಣೆಯ ಬಾಡಿಗೆಯನ್ನು ಬಿಟ್ಟುಕೊಡುತ್ತಾರೆ. ಮುಂದೆ ಹತ್ತಿರದ ಖಾಸಗಿ ಶಾಲೆಯೊಂದು ತಿಂಗಳಿಗಿಷ್ಟು ಎಂದು ಸಂಬಳ ಗೊತ್ತುಮಾಡಿ ಆತನನ್ನು ಕರೆಯುತ್ತದೆ. ಆತನ ಬಳಿ ಪದವಿಯೂ ಇಲ್ಲ, ಉದ್ಯೋಗ ವೀಸಾವೂ ಇಲ್ಲ. ಇದರಲ್ಲಿ ಯಾರಿಗೂ ಕೇಡಿಲ್ಲವಷ್ಟೆ ಎಂದು ತೋರಬಹುದು. ಆದರೆ ಕಾನೂನು ಈ ಮೂರು ಸಂದರ್ಭಗಳನ್ನು ಒಂದೇ ಎಂದು ಎಣಿಸುವುದಿಲ್ಲ. ವಿದೇಶಕ್ಕೆ ಬೋಧಕರಾಗಿ ಹೋಗಬಯಸುವ ನಮ್ಮ ಯುವಜನರು ಈ ವ್ಯತ್ಯಾಸವನ್ನು ಮೊದಲು ನಮ್ಮ ನೆಲದ ಉದಾಹರಣೆಯಿಂದಲೇ ಅರಿತುಕೊಳ್ಳುವುದು ಸುಲಭ.

ಭಾರತದ ಕಾನೂನು ಏನು ಹೇಳುತ್ತದೆ?

ವೀಸಾ ಎಂಬುದು ಒಂದು ದೇಶದೊಳಗೆ ಬರಲು ಕೊಡುವ ಅನುಮತಿ ಮಾತ್ರವಲ್ಲ. ನಿರ್ದಿಷ್ಟ ಉದ್ದೇಶಕ್ಕಾಗಿ ಬರಲು ಕೊಡುವ ಅನುಮತಿ. ಭಾರತದ ಇ-ಪ್ರವಾಸಿ ವೀಸಾದ ಅಡಿಯಲ್ಲಿ ಸ್ಥಳವೀಕ್ಷಣೆ, ಬಂಧುಮಿತ್ರರ ಭೇಟಿ, ಅಲ್ಪಾವಧಿಯ ಯೋಗ ಶಿಬಿರ ಮೊದಲಾದವುಗಳಿಗೆ ಅವಕಾಶವಿದೆ. ಸ್ಥಳೀಯ ಭಾಷೆ, ಸಂಗೀತ, ನೃತ್ಯ, ಕರಕುಶಲ ಕಲೆಗಳನ್ನು ಆರು ತಿಂಗಳು ಮೀರದ ಅವಧಿಯಲ್ಲಿ ಕಲಿಯುವುದಕ್ಕೂ ಅಡ್ಡಿಯಿಲ್ಲ. ಸ್ವಯಂಸೇವೆಯನ್ನೂ ಮಾಡಬಹುದು, ಆದರೆ ಅದು ಗರಿಷ್ಠ ಒಂದು ತಿಂಗಳಿನದಾಗಿರಬೇಕು ಮತ್ತು ಅದಕ್ಕಾಗಿ ಹಣವನ್ನಾಗಲಿ ಬೇರೆ ಯಾವುದೇ ಬಗೆಯ ಪ್ರತಿಫಲವನ್ನಾಗಲಿ ಪಡೆಯಕೂಡದು.

ಯಾವುದೇ ಬಗೆಯ ಪ್ರತಿಫಲ ಎಂಬ ಮಾತನ್ನು ಓದುಗರು ಗಮನಿಸತಕ್ಕದ್ದು. ಜಗುಲಿಯ ಮೇಲೆ ಕೆಲವು ದಿನ ಸುಮ್ಮನೆ ಪಾಠ ಹೇಳಿದಷ್ಟಕ್ಕೆ ಆಕ್ಷೇಪವಿಲ್ಲ. ಬಾಡಿಗೆ ಬಿಟ್ಟುಕೊಟ್ಟ ಕ್ಷಣದಿಂದ ಪಾಠಕ್ಕೆ ಬೆಲೆ ಬಂದಂತಾಯಿತು. ಸಂಬಳವನ್ನು ಸ್ವೀಕರಿಸಿದ ಮೇಲಂತೂ ಅದು ಉದ್ಯೋಗವೇ ಸರಿ. ಪ್ರವಾಸಿ ವೀಸಾ ಅದಕ್ಕೆ ಸಲ್ಲದು.

ಹಾಗಾದರೆ ಆತ ಉದ್ಯೋಗ ವೀಸಾ ಪಡೆಯಬಹುದಲ್ಲವೇ? ಇಲ್ಲಿ ಒಂದು ಸ್ವಾರಸ್ಯವಿದೆ. ಭಾರತದ ಉದ್ಯೋಗ ವೀಸಾ ಪಡೆಯುವ ವಿದೇಶೀಯರಿಗೆ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಹೆಚ್ಚಿನ ವೇತನ ದೊರೆಯುವಂತಿರಬೇಕು. ಈ ಮಿತಿಯಿಂದ ಭಾಷಾಬೋಧಕರಿಗೆ ವಿನಾಯಿತಿ ನೀಡಲಾಗಿದೆ. ಆದರೆ ಇಂಗ್ಲಿಷ್ ಬೋಧಕರನ್ನು ಆ ವಿನಾಯಿತಿಯಿಂದ ಹೊರಗಿಡಲಾಗಿದೆ. ಜರ್ಮನ್ ಅಥವಾ ಜಪಾನಿ ಭಾಷೆ ಕಲಿಸಬಂದವರಿಗೆ ಇರುವ ಸೌಲಭ್ಯ ಇಂಗ್ಲಿಷ್ ಕಲಿಸಬಂದವರಿಗೆ ಇಲ್ಲ. ಅರ್ಹ ಭಾರತೀಯರು ಧಾರಾಳವಾಗಿ ದೊರೆಯುವ ಕೆಲಸಗಳಿಗೆ ಉದ್ಯೋಗ ವೀಸಾ ಕೊಡಲಾಗದೆಂಬುದೇ ಒಟ್ಟು ನೀತಿಯಾಗಿರುವುದರಿಂದ, ಇಂಗ್ಲಿಷ್ ಅಧ್ಯಾಪಕರಿಗೆ ಕೊರತೆಯಿಲ್ಲದ ಈ ದೇಶದಲ್ಲಿ ಅದು ಸಹಜವೆಂದೇ ಹೇಳಬೇಕು. ನೋಂದಾಯಿತ ಸ್ವಯಂಸೇವಾ ಸಂಸ್ಥೆಗಳಲ್ಲಿ ಗೌರವಸೇವೆ ಸಲ್ಲಿಸುವವರಿಗೂ ಉದ್ಯೋಗ ವೀಸಾದ ವರ್ಗದಲ್ಲಿ ಅವಕಾಶವುಂಟು. ಅದನ್ನು ಹೊರಡುವ ಮುನ್ನವೇ ಪಡೆಯತಕ್ಕದ್ದು.

ಪದವಿಯ ಪ್ರಶ್ನೆ ಇದಕ್ಕಿಂತ ಬೇರೆ. ಒಂದರಿಂದ ಎಂಟನೆಯ ತರಗತಿಯವರೆಗೆ ಬೋಧಿಸುವವರ ಕನಿಷ್ಠ ವಿದ್ಯಾರ್ಹತೆಯನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ ಅನ್ವಯ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರಲ್ಲಿ ಗೊತ್ತುಪಡಿಸಿತು. ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು ಕೋಚಿಂಗ್ ಕೇಂದ್ರಗಳ ಬೋಧಕರು ಕನಿಷ್ಠ ಪದವೀಧರರಾಗಿರಬೇಕೆಂದು ಹೇಳುತ್ತದೆ. ಇಂಗ್ಲಿಷ್ ಮಾತೃಭಾಷೆಯಾಗಿದೆ ಎಂಬ ಒಂದೇ ಕಾರಣದಿಂದ ಈ ಅರ್ಹತೆಗಳು ಬಂದುಬಿಡುವುದಿಲ್ಲ. ಹಾಗೆಯೇ ಪದವಿಯಿದ್ದ ಮಾತ್ರಕ್ಕೆ ಪ್ರವಾಸಿ ವೀಸಾ ಉದ್ಯೋಗ ವೀಸಾ ಆಗುವುದೂ ಇಲ್ಲ. ಒಂದು ಶಿಕ್ಷಣ ಕಾನೂನಿಗೆ, ಇನ್ನೊಂದು ವಲಸೆ ಕಾನೂನಿಗೆ ಸೇರಿದ್ದು. ಎರಡನ್ನೂ ಪ್ರತ್ಯೇಕವಾಗಿ ಪಾಲಿಸಬೇಕಾಗುತ್ತದೆ.

ಉಲ್ಲಂಘನೆಗೆ ಶಿಕ್ಷೆಯುಂಟು. 1946ರ ವಿದೇಶೀಯರ ಕಾಯಿದೆಯ ಸ್ಥಾನದಲ್ಲಿ 2025ರ ವಲಸೆ ಮತ್ತು ವಿದೇಶೀಯರ ಕಾಯಿದೆ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಇದರ ಪ್ರಕಾರ ವೀಸಾದ ಷರತ್ತುಗಳನ್ನು ಮೀರಿದ ವಿದೇಶೀಯನಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಮೂರು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅರ್ಜಿಯಲ್ಲಿ ಪ್ರವಾಸವೆಂದು ಬರೆದುಕೊಟ್ಟು ಬಂದು ನೌಕರಿ ಹಿಡಿಯುವುದು ಕೊಟ್ಟ ಮಾತಿಗೆ ತಪ್ಪಿದಂತೆ. ಹರಿಶ್ಚಂದ್ರನ ಹೆಸರಿನ ಘಟ್ಟದಲ್ಲಿ ಅದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಪಾತ್ರಗಳು ಅದಲುಬದಲಾದಾಗ

ಇನ್ನು ವಾರಾಣಸಿಯ ಆ ಯುವಕನ ಸ್ಥಾನದಲ್ಲಿ ದಾವಣಗೆರೆಯ ಅಥವಾ ಉಡುಪಿಯ ಯುವತಿಯೊಬ್ಬಳನ್ನೂ, ವಾರಾಣಸಿಯ ಸ್ಥಾನದಲ್ಲಿ ಬ್ಯಾಂಕಾಕನ್ನೂ ಇಟ್ಟು ನೋಡೋಣ. ಆಕೆ ಇಂಗ್ಲಿಷ್ ಮಾಧ್ಯಮದಲ್ಲಿ ಪಿಯುಸಿ ಮುಗಿಸಿದ್ದಾಳೆ, ಭಾಷೆಯನ್ನು ಚೆನ್ನಾಗಿ ಬಲ್ಲಳು. ಪದವಿ ಬೇಡ, 120 ಗಂಟೆಗಳ ತರಬೇತಿಯ ಪ್ರಮಾಣಪತ್ರ ಸಾಕು, ಮೊದಲು ಪ್ರವಾಸಿಯಾಗಿ ಹೊರಟುಬನ್ನಿ, ಕಾಗದಪತ್ರಗಳನ್ನು ಅಲ್ಲಿ ಸರಿಪಡಿಸೋಣ ಎಂದು ಮಧ್ಯವರ್ತಿ ಹೇಳುತ್ತಾನೆ. ಈ ಮಾತಿನ ಒಂದೊಂದು ಭಾಗವನ್ನೂ ಪರೀಕ್ಷಿಸಬೇಕು.

ಥೈಲೆಂಡ್ 2023ರ ನವೆಂಬರಿನಲ್ಲಿ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿಯನ್ನು ಜಾರಿಗೆ ತಂದಿತು. ಇದರಿಂದ ಅನೇಕರಲ್ಲಿ ತಪ್ಪು ತಿಳಿವಳಿಕೆ ಹುಟ್ಟಿತು. ವೀಸಾ ಇಲ್ಲದೆ ಪ್ರವೇಶಿಸಬಹುದೆಂದರೆ ಪರವಾನಗಿ ಇಲ್ಲದೆ ದುಡಿಯಬಹುದೆಂದು ಅರ್ಥವಲ್ಲ. ಅಲ್ಲಿನ ಶಾಲೆಯಲ್ಲಿ ಬೋಧಿಸಲು ಉದ್ಯೋಗಕ್ಕೆ ಸಲ್ಲುವ ವೀಸಾ, ಕೆಲಸದ ಪರವಾನಗಿ ಮತ್ತು ಅಧ್ಯಾಪಕರ ಪರಿಷತ್ತಿನ ಪರವಾನಗಿ ಅಥವಾ ತಾತ್ಕಾಲಿಕ ವಿನಾಯಿತಿ ಬೇಕು. ಪರಿಷತ್ತು ಸಾಮಾನ್ಯವಾಗಿ ಪದವಿಯನ್ನು ಕೇಳುತ್ತದೆ. 2018ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಪರವಾನಗಿಯಿಲ್ಲದೆ ದುಡಿದ ವಿದೇಶೀಯರಿಗೆ 5,000ದಿಂದ 50,000 ಬಾತ್‌ವರೆಗೆ ದಂಡ ವಿಧಿಸಿ ಗಡೀಪಾರು ಮಾಡಬಹುದಾಗಿದೆ.

ಚೀನಾದ ನಿಯಮ ಇನ್ನೂ ಬಿಗಿಯಾದುದು. ಅಲ್ಲಿ ಇಂಗ್ಲಿಷ್ ಬೋಧಕರಿಗೆ ಪದವಿ ಮತ್ತು ಎರಡು ವರ್ಷದ ಅನುಭವವಲ್ಲದೆ, ಇಂಗ್ಲಿಷ್ ಮಾತೃಭಾಷೆಯಾಗಿರುವ ದೇಶದ ಪ್ರಜೆಯಾಗಿರಬೇಕೆಂಬ ಷರತ್ತನ್ನೂ ಸಾಮಾನ್ಯವಾಗಿ ಹಾಕಲಾಗುತ್ತದೆ. ಎಂದರೆ ಭಾರತೀಯ ಪಾಸ್‌ಪೋರ್ಟ್ ಉಳ್ಳವರು ಎಷ್ಟೇ ಪಾಂಡಿತ್ಯ ಪಡೆದಿದ್ದರೂ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಇದು ನ್ಯಾಯವೇ ಎಂದು ಕೇಳುವ ಹಕ್ಕು ನಮಗಿದೆ. ಆದರೆ ನ್ಯಾಯವಲ್ಲವೆಂದ ಮಾತ್ರಕ್ಕೆ ನಿಯಮ ಸಡಿಲವಾಗುವುದಿಲ್ಲ. 2013ರ ಜುಲೈಯಲ್ಲಿ ಜಾರಿಗೆ ಬಂದ ಅಲ್ಲಿನ ಕಾಯಿದೆಯಂತೆ ಅಕ್ರಮ ಉದ್ಯೋಗಕ್ಕೆ 5,000ದಿಂದ 20,000 ಯುವಾನ್ ದಂಡವಿದೆ. ಗಂಭೀರ ಪ್ರಕರಣಗಳಲ್ಲಿ ಐದರಿಂದ ಹದಿನೈದು ದಿನಗಳ ಬಂಧನವೂ ಉಂಟು.

ದಕ್ಷಿಣ ಕೊರಿಯಾದಲ್ಲಿ ಮಾತ್ರ ಭಾರತೀಯರಿಗೆ ವಿಶೇಷವಾದ ಒಂದು ದಾರಿಯನ್ನು ಮಾಡಲಾಗಿದೆ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದದಡಿ ಭಾರತದ ಇಂಗ್ಲಿಷ್ ಅಧ್ಯಾಪಕರು ಅಲ್ಲಿನ ಶಾಲೆಗಳಲ್ಲಿ ಸಹಾಯಕ ಬೋಧಕರಾಗಿ ಹೋಗಲು ಅವಕಾಶವಿದೆ. ಪದವಿಯ ಜೊತೆಗೆ ಅಧ್ಯಾಪಕ ತರಬೇತಿಯ ಪ್ರಮಾಣಪತ್ರವೂ ಇರಬೇಕು. ನಮ್ಮ ಬಿ.ಎಡ್. ಪದವೀಧರರಲ್ಲಿ ಈ ಸಂಗತಿ ತಿಳಿದಿರುವವರು ವಿರಳ.

ಕರಾವಳಿಯ ಕುಟುಂಬಗಳಿಗೆ ಹತ್ತಿರವಾದ ಕೊಲ್ಲಿ ರಾಷ್ಟ್ರಗಳಲ್ಲಿ ಸಂಯುಕ್ತ ಅರಬ್ ಸಂಸ್ಥಾನವು 2024ರಲ್ಲಿ ಪರವಾನಗಿಯಿಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕರ ದಂಡವನ್ನು ಹೆಚ್ಚಿಸಿ, ಅದು ಕನಿಷ್ಠ ಒಂದು ಲಕ್ಷ, ಗರಿಷ್ಠ ಹತ್ತು ಲಕ್ಷ ದಿರ್ಹಮ್ ಆಗುವಂತೆ ಮಾಡಿತು. ಸಂದರ್ಶಕ ವೀಸಾದ ಮೇಲೆ ಬಂದು ಕೆಲಸಕ್ಕೆ ಸೇರಿಕೊಳ್ಳುವ ಹಳೆಯ ರೂಢಿ ಈಗ ಮಾಲೀಕರಿಗೂ ದುಬಾರಿಯಾಗಿದೆ.

ಅಲ್ಪಾವಧಿಯ ಪ್ರಮಾಣಪತ್ರಗಳ ಬಗ್ಗೆ ಹೇಳಬೇಕಾದುದು ಸ್ವಲ್ಪವೇ. ಅವುಗಳಿಂದ ಬೋಧನೆಯ ಕೌಶಲ ಹೆಚ್ಚಬಹುದು. ಅವು ಪದವಿಗೆ ಬದಲಿಯಲ್ಲ, ಕೆಲಸದ ಪರವಾನಗಿಗಂತೂ ಅಲ್ಲವೇ ಅಲ್ಲ.

ರಕ್ಷಣೆ ಎಲ್ಲಿಗೆ ನಿಲ್ಲುತ್ತದೆ?

ನಮ್ಮ 1983ರ ವಲಸೆ ಕಾಯಿದೆಯ ಪ್ರಕಾರ, ವಲಸೆ ಅನುಮತಿ ಅಗತ್ಯವೆಂದು ನಮೂದಾದ ಪಾಸ್‌ಪೋರ್ಟ್ ಹೊಂದಿದವರು ಗೊತ್ತುಪಡಿಸಿದ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವ ಮುನ್ನ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಆಗ ಉದ್ಯೋಗದ ಕರಾರು, ವೇತನ, ವೀಸಾ ಇವುಗಳ ಪರಿಶೀಲನೆ ನಡೆಯುತ್ತದೆ. ಆದರೆ ಹತ್ತನೆಯ ತರಗತಿ ಉತ್ತೀರ್ಣರಾದವರಿಗೆ ಈ ಅನುಮತಿ ಬೇಕಾಗಿಲ್ಲ. ವಿದ್ಯಾವಂತರು ತಮ್ಮ ಹಿತವನ್ನು ತಾವೇ ನೋಡಿಕೊಳ್ಳಬಲ್ಲರೆಂಬ ನಂಬಿಕೆ ಇದರ ಹಿಂದಿದೆ. ದಾದಿಯರ ವಿಷಯದಲ್ಲಿ ಆ ನಂಬಿಕೆ ಸಾಲದೆಂದು ಕಂಡುಬಂದುದರಿಂದ 2015ರಿಂದ ಅವರಿಗೆ, ಓದಿದವರಾದರೂ, ಈ ದೇಶಗಳಿಗೆ ಹೋಗಲು ಅನುಮತಿಯನ್ನು ಕಡ್ಡಾಯಗೊಳಿಸಲಾಯಿತು. ಅಧ್ಯಾಪಕರಿಗೆ ಅಂತಹ ವ್ಯವಸ್ಥೆಯಿಲ್ಲ. ಹೀಗಾಗಿ ಪಿಯುಸಿ ಓದಿದ ನಮ್ಮ ಯುವತಿ ವಿಮಾನ ಹತ್ತುವವರೆಗೂ ಆಕೆಯ ಕರಾರುಪತ್ರವನ್ನು ಯಾವ ಸರಕಾರೀ ಅಧಿಕಾರಿಯೂ ಕಣ್ಣಿನಿಂದ ಕಂಡಿರುವುದಿಲ್ಲ. ಗಾರೆ ಕೆಲಸಕ್ಕೆ ಹೋಗುವ ಅನಕ್ಷರಸ್ಥನಿಗೆ ಇರುವ ತಪಾಸಣೆಯ ರಕ್ಷಣೆ ಆಕೆಗೆ ಇಲ್ಲ.

ಪರದೇಶದಲ್ಲಿ ಇದರ ಪರಿಣಾಮ ತೀವ್ರವಾಗಿರುತ್ತದೆ. ಪರವಾನಗಿಯಿಲ್ಲದೆ ದುಡಿಯುವವರಿಗೆ ಸಂಬಳ ತಡೆಹಿಡಿದರೆ ದೂರು ಕೊಡಲು ಭಯ, ಏಕೆಂದರೆ ದೂರಿನ ಮೊದಲ ಸಾಲಿನಲ್ಲೇ ತಮ್ಮ ಅಪರಾಧವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಕೆಲವು ಮಾಲೀಕರು ಪಾಸ್‌ಪೋರ್ಟನ್ನು ತಮ್ಮ ವಶದಲ್ಲಿ ಇಟ್ಟುಕೊಳ್ಳುವುದೂ ಇದೇ ಧೈರ್ಯದಿಂದ. ಇದಕ್ಕಿಂತ ಘೋರವಾದ ಪ್ರಸಂಗಗಳೂ ಉಂಟು. ಥೈಲೆಂಡಿನಲ್ಲಿ ಕೆಲಸವೆಂದು ನಂಬಿಸಿ ಕರೆದೊಯ್ದ ಭಾರತೀಯ ತರುಣರನ್ನು ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಒತ್ತೆಯಾಗಿರಿಸಿ, ಸೈಬರ್ ವಂಚನೆಯ ಕೆಲಸಕ್ಕೆ ಹಚ್ಚಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯವು 2022ರ ಸೆಪ್ಟೆಂಬರಿನಲ್ಲಿ ಎಚ್ಚರಿಕೆಯ ಪ್ರಕಟಣೆ ಹೊರಡಿಸಬೇಕಾಯಿತು. ಅವರು ಬೋಧಕರಾಗಿ ಹೋದವರಲ್ಲ. ಆದರೆ ಮೊದಲು ಪ್ರವಾಸಿಯಾಗಿ ಬನ್ನಿ ಎಂಬ ಆಹ್ವಾನ ಅಲ್ಲಿಯೂ ಇತ್ತು.

ಆದುದರಿಂದ ಹೊರಡುವ ಮುನ್ನವೇ ವಿಚಾರಿಸತಕ್ಕದ್ದು. ನೇಮಕಾತಿ ಏಜೆಂಟರು ನೋಂದಾಯಿತರೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಡಬಹುದು. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಹಾಗೂ ಅದರ ಮೇಲಿನ ತೆರಿಗೆ. ಅದಕ್ಕಿಂತ ಹೆಚ್ಚು ಕೇಳಿದವರ ಬಗ್ಗೆ ಸಂಶಯ ಪಡುವುದೇ ಲೇಸು. ಶಾಲೆಯ ಹೆಸರು, ವಿಳಾಸ, ಹುದ್ದೆ, ವೇತನಗಳು ಬರೆದ ಕರಾರು ಕೈಗೆ ಬಂದ ಮೇಲೆ ಆ ದೇಶದ ರಾಯಭಾರ ಕಚೇರಿಯಲ್ಲಿ ಒಂದೇ ಪ್ರಶ್ನೆ ಕೇಳಿದರೆ ಸಾಕು: ಈ ಹುದ್ದೆಗೆ, ಈ ವಿದ್ಯಾರ್ಹತೆಗೆ, ಭಾರತೀಯ ಪ್ರಜೆಗೆ ಯಾವ ವೀಸಾ ಕೊಡಲಾಗುತ್ತದೆ? ಪದವಿಯಿದ್ದವರು ಪ್ರಮಾಣಪತ್ರಗಳನ್ನು ರಾಜ್ಯದ ಅಧಿಕಾರಿಗಳಿಂದಲೂ ನಂತರ ವಿದೇಶಾಂಗ ಸಚಿವಾಲಯದಿಂದಲೂ ದೃಢೀಕರಿಸಿಕೊಳ್ಳಬೇಕಾಗಬಹುದು. ಇದಕ್ಕೆ ಕಾಲಾವಕಾಶ ಇಟ್ಟುಕೊಳ್ಳಬೇಕು.

ಈಗಾಗಲೇ ಹೋಗಿ ಸಿಲುಕಿಕೊಂಡವರು ದಂಡದ ಭಯದಿಂದ ಮೌನವಾಗಿರುವುದು ಸರಿಯಲ್ಲ. ಸಮೀಪದ ಭಾರತೀಯ ರಾಯಭಾರ ಕಚೇರಿಗೆ ನೇರವಾಗಿ ತಿಳಿಸಬಹುದು ಅಥವಾ 2015ರಲ್ಲಿ ಆರಂಭವಾದ ಮದದ್ ವ್ಯವಸ್ಥೆಯ ಮೂಲಕ ದೂರು ದಾಖಲಿಸಬಹುದು. ಊರಿನಲ್ಲಿರುವ ತಂದೆತಾಯಿಗಳೂ ಅವರ ಪರವಾಗಿ ದೂರು ಸಲ್ಲಿಸಲು ಅವಕಾಶವಿದೆ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ ಸಂಖ್ಯೆ 1800 11 3090.