ಪ್ರಾರ್ಥನೆಯೂ ಬೇಕು, ಔಷಧವೂ ಬೇಕು



ಚಾಮರಾಜಪೇಟೆಯ ಮನೆಯೊಂದಕ್ಕೆ ಹೋಗಿದ್ದಾಗ ತಾಯಿಯೊಬ್ಬರು ಹೇಳಿದರು: "ಸ್ವಾಮಿ, ನೊವೆನಾ ಶುರು ಮಾಡಿದ ಮೇಲೆ ಮಗನ ಫಿಟ್ಸ್ ಮಾತ್ರೆ ನಿಲ್ಲಿಸಿದ್ದೇವೆ. ಎರಡನ್ನೂ ನಡೆಸಿದರೆ ದೇವರಲ್ಲಿ ಅಪನಂಬಿಕೆ ತೋರಿಸಿದಂತಲ್ಲವೇ?"

ಇದು ಹಳೆಯ ಪ್ರಶ್ನೆ. ಸಿಡುಬಿನ ಕೀವನ್ನೇ ಚರ್ಮಕ್ಕೆ ಸೋಕಿಸಿ ರೋಗ ತಡೆಯುವ ಪದ್ಧತಿ ಲಂಡನ್ನಿಗೆ ಬಂದಾಗ, 1722ರಲ್ಲಿ ಎಡ್ಮಂಡ್ ಮ್ಯಾಸಿ ಎಂಬ ಆಂಗ್ಲಿಕನ್ ಬೋಧಕರು ಅದನ್ನು ಪಾಪವೆಂದು ಸಾರಿದರು. ರೋಗವು ದೇವರು ಕಳುಹಿಸುವ ಪರೀಕ್ಷೆ ಇಲ್ಲವೇ ಶಿಕ್ಷೆ, ಅದನ್ನು ತಡೆಯಲು ನಾವು ಯಾರು ಎಂಬುದು ಅವರ ವಾದ.

ನಮ್ಮ ನಾಡಿನ ಗುರುವೊಬ್ಬರು ಬೇರೆ ದಾರಿ ಹಿಡಿದರು. ಅವರೇ ಫ್ರಾನ್ಸಿನಿಂದ ಬಂದ ಅಬ್ಬೆ ದ್ಯೂಬುವಾ. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಬಳಿಕ ಅವರು ಶ್ರೀರಂಗಪಟ್ಟಣಕ್ಕೆ ಬಂದು, ಮೈಸೂರು ಸೀಮೆಯ ಚದುರಿದ ಕ್ರೈಸ್ತರ ಸೇವೆಗೆ ನಿಂತರು. ಇಲ್ಲಿನ ಜನರಂತೆಯೇ ಉಟ್ಟರು, ಉಂಡರು.

ಇಂಗ್ಲೆಂಡಿನ ವೈದ್ಯ ಜೆನ್ನರ್ 1796ರಲ್ಲಿ ಪರೀಕ್ಷಿಸಿದ, ಹಸುವಿನ ಸಿಡುಬಿನಿಂದ ಮೈಲಿ ಹಾಕುವ ಕ್ರಮ 1802ರಲ್ಲಿ ಭಾರತಕ್ಕೆ ಬಂತು. ಆಗ ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ದಾಟಿಸುತ್ತಿದ್ದರು. ಅನ್ಯರ ಮೈಯ ರಸವನ್ನು ಮಗುವಿಗೆ ಹಾಕಿಸಲು ಯಾವ ತಾಯಿ ತಾನೇ ಅಂಜುವುದಿಲ್ಲ? ಆದರೂ 1803-04ರ ಅವಧಿಯಲ್ಲಿ ದ್ಯೂಬುವಾ ಸ್ವಾಮಿಗಳ ನೇತೃತ್ವದಲ್ಲಿ 25,432 ಜನರು ಮೈಲಿ ಹಾಕಿಸಿಕೊಂಡರೆಂದು ದಾಖಲೆಯಿದೆ. ಇದರಿಂದ ಅವರು ಗುರುವಿನ ಕೆಲಸ ಬಿಟ್ಟಂತಾಯಿತೇ? ಇಲ್ಲ. ಜಪಮಾಲೆ ಹಿಡಿದ ಕೈಯೇ ಮಗುವಿನ ಪ್ರಾಣ ಉಳಿಸಲೂ ಮುಂದಾಯಿತು.

ಧರ್ಮಸಭೆಯ ಬೋಧನೆಯೂ ಇದೇ. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಓದಿ. ವೈದ್ಯನನ್ನೂ ಮಣ್ಣಿನಲ್ಲಿ ಬೆಳೆಯುವ ಮದ್ದನ್ನೂ ಉಂಟುಮಾಡಿದವರು ದೇವರೇ. ರೋಗಿಯು ಪ್ರಾರ್ಥಿಸಬೇಕು, ಆಮೇಲೆ ವೈದ್ಯನಿಗೂ ಎಡೆಕೊಡಬೇಕು ಎಂದು ಅಲ್ಲಿದೆ. ಮುಂದೆ 14ನೇ ಬೆನೆಡಿಕ್ಟ್ ಪೋಪರಾದ ಲ್ಯಾಂಬರ್ತಿನಿಯವರು, ಸಂತ ಪದವಿಯ ಬಗ್ಗೆ 1734ರಿಂದ 1738ರವರೆಗೆ ಪ್ರಕಟಿಸಿದ ಗ್ರಂಥದಲ್ಲಿ, ಔಷಧದಿಂದ ವಾಸಿಯಾದುದನ್ನು ಪವಾಡವೆಂದು ಎಣಿಸಬಾರದೆಂದು ವಿಧಿಸಿದರು. ವೈದ್ಯಶಾಸ್ತ್ರದ ಸತ್ಯಕ್ಕೆ ವಿಶ್ವಾಸವು ಹೆದರಬೇಕಿಲ್ಲ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ನೊವೆನಾ ಬಿಡಬೇಡಿ ಅಮ್ಮಾ. ಆದರೆ ಇವತ್ತೇ ಡಾಕ್ಟರನ್ನು ಕಂಡು ಮಾತ್ರೆ ಮತ್ತೆ ಶುರು ಮಾಡಿ." ಅವರು ಹಾಗೆಯೇ ಮಾಡಿದರು.

ನಿಮ್ಮ ಮನೆಯಲ್ಲೂ ರೋಗಿಗಳಿದ್ದರೆ ಇಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸಿ. ಅವರ ವೈದ್ಯರನ್ನೂ ದಾದಿಯರನ್ನೂ ನೆನೆಯಿರಿ. ಆಮೇಲೆ ನೀವೇ ಎದ್ದು ಹೋಗಿ, ಮಾತ್ರೆಯನ್ನೂ ನೀರನ್ನೂ ಅವರ ಕೈಗೆ ಕೊಡಿ.