ಹಳೇ ಕಾರಿನೊಳಗೆ ನೀರು ಎಲ್ಲಿಂದ ಬಂತು?



ಸಂಘದ ಸಾಲದಲ್ಲಿ ಹಳೇ ಕಾರು ಕೊಂಡು ಹಪ್ಪಳ, ಉಪ್ಪಿನಕಾಯಿ ಸಂತೆಗೆ ಸಾಗಿಸುವ ಗುಂಪುಗಳು ನಮ್ಮಲ್ಲಿವೆ. ಒಂದು ಮಳೆಗಾಲದಲ್ಲಿ ಅಂಥ ಕಾರಿನಲ್ಲಿ ನಾವೂ ಹೋಗುತ್ತಿದ್ದೆವು. ವೈಪರ್ ನಿಂತಿತು. ಹೊಸ ಫ್ಯೂಸ್ ಹಾಕಿದರೆ ಮರುದಿನ ಅದೂ ಹೋಯಿತು. ಮೂರನೇ ಸಲ ಡ್ರೈವರ್ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ವಾಸನೆ, ಸ್ಟಿಯರಿಂಗ್ ಕೆಳಗಿಂದ ಹೊಗೆ! ಕೂಡಲೇ ನಿಲ್ಲಿಸಿ ಬ್ಯಾಟರಿ ತಂತಿ ಬಿಚ್ಚಿದ್ದರಿಂದ ಕಾರು ಉಳಿಯಿತು. ಇಲ್ಲದಿದ್ದರೆ ಸಾಲದ ಕಂತು ಮಾತ್ರ ಉಳಿಯುತ್ತಿತ್ತು.

ಮಿತಿ ಮೀರಿ ಕರೆಂಟ್ ಹರಿದಾಗ ತಾನು ಸುಟ್ಟು ತಂತಿಯನ್ನು ಉಳಿಸುವುದೇ ಫ್ಯೂಸಿನ ಕೆಲಸ. ಚಪ್ಪಟೆ ಫ್ಯೂಸಿನಲ್ಲಿ ಕೆಂಪು 10 ಆಂಪ್, ನೀಲಿ 15, ಹಳದಿ 20, ಹಸಿರು 30. ನೀಲಿ ಇದ್ದಲ್ಲಿ ನೀಲಿಯನ್ನೇ ಹಾಕಬೇಕು. ಅದೂ ಮತ್ತೆ ಹೋದರೆ ಎಲ್ಲೋ ತಂತಿ ಸವೆದಿದೆ, ಇಲ್ಲವೇ ನೀರು ತಾಗಿದೆ ಎಂದು ತಿಳ್ಕೊಳ್ಳಿ.

ನಮ್ಮ ಕಾರಿನಲ್ಲಿ ಆದದ್ದು ನೀರಿನ ಕಥೆ. ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ ಅಂಚಿಗೆ ಒಂದು ಕಾಲುವೆ ಇರುತ್ತದೆ. ಮರದಡಿ ನಿಲ್ಲಿಸಿ ನಿಲ್ಲಿಸಿ ಅದರ ತೂತಿಗೆ ಎಲೆ ಕಟ್ಟಿತ್ತು. ನೀರು ತುಂಬಿ ಗಾಳಿ ಬರುವ ದಾರಿಯಲ್ಲಿ ಒಳಗಿಳಿದು ಫ್ಯೂಸ್ ಪೆಟ್ಟಿಗೆ ಮೇಲೆ ತೊಟ್ಟಿಕ್ಕುತ್ತಿತ್ತು. ಎಲೆ ತೆಗೆಯಲು ದುಡ್ಡೇನೂ ಬೇಕಾಗಲಿಲ್ಲ, ಸುಟ್ಟ ತಂತಿ ಬದಲಿಸಲು ಬೇಕಾಯಿತು.

ನೀವೂ ಹುಡುಕಬಹುದು, ಇಬ್ಬರು ಸಾಕು. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಪೈಪಿನಿಂದ ಕೆಳಗಿನಿಂದ ಶುರುಮಾಡಿ ಮೇಲಕ್ಕೆ ನಿಧಾನವಾಗಿ ನೀರು ಬಿಡಲಿ. ಮೊದಲೇ ಮೇಲಿಂದ ಸುರಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ಗೊತ್ತಾಗೋದಿಲ್ಲ. ಬಾಗಿಲಿನ ತಳದಲ್ಲೂ ತೂತುಗಳಿವೆ, ಕಡ್ಡಿ ಹಾಕಿ ಬಿಡಿಸಿ. ಬಿಸಿಲಿನ ದಿನ ಎಸಿ ಹಾಕಿದಾಗ ಮಾತ್ರ ಕಾಲಡಿ ಒದ್ದೆಯಾದರೆ ಎಸಿ ನೀರಿನ ಪೈಪು ಕಟ್ಟಿದೆ. ಒದ್ದೆ ಜಾರುವ ಹಾಗಿದ್ದು ಸಿಹಿ ವಾಸನೆ ಬಂದರೆ ಅದು ಮಳೆ ನೀರಲ್ಲ, ಹೀಟರಿನಿಂದ ಸೋರುವ ಕೂಲೆಂಟ್. ಗ್ಯಾರೇಜಿಗೇ ಒಯ್ಯಬೇಕು.

ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಅಡಿಯ ಸ್ಪಂಜು ವಾರಗಟ್ಟಲೆ ನೀರು ಹಿಡಿದಿರುತ್ತದೆ. ಎತ್ತಿ ಬಿಸಿಲಿಗೆ ಹಾಕಿ. ಕೆಳಗಿನ ತಗಡಿಗೆ ಬೋಲ್ಟು ಮಾಡಿದ ಅರ್ತ್ ತಂತಿ ಕಾಣುತ್ತದಾ ನೋಡಿ. ಇಂಡಿಕೇಟರ್ ಹಾಕಿದಾಗ ಹಿಂದಿನ ಬೇರೆ ದೀಪವೂ ಜೊತೆಗೆ ಮಿಣುಕಿದರೆ ಹೆಚ್ಚಾಗಿ ಅರ್ತಿಗೇ ತುಕ್ಕು. ಮರಳು ಕಾಗದದಿಂದ ಉಜ್ಜಿ ಬಿಗಿ ಮಾಡಿದರೆ ಸಾಕಾಗುತ್ತದೆ.

ಕಾರು ಇರುವ ಸಂಘದವರು ಫ್ಯೂಸ್ ಪೆಟ್ಟಿಗೆ ಎಲ್ಲಿದೆ ಎಂದು ಈ ವಾರವೇ ನೋಡಿಟ್ಟುಕೊಳ್ಳಿ. ತಂತಿ ಸುತ್ತಿದ್ದು ಕಂಡರೆ ಡ್ರೈವರ್ ಏನೇ ಹೇಳಲಿ, ತೆಗೆಸಿಬಿಡಿ.