ಪ್ರಾಣಿ ಛೇದನ ನಿರಾಕರಿಸುವ ವಿದ್ಯಾರ್ಥಿಯ ಹಕ್ಕು

ಶಾಲೆಯಲ್ಲಿ ಪ್ರಾಣಿಯನ್ನು ಕೊಯ್ಯಲು ಒಪ್ಪದ ವಿದ್ಯಾರ್ಥಿಗೆ ಕಾನೂನಿನ ರಕ್ಷಣೆ ಕೊಟ್ಟ ಅಮೆರಿಕದ ಮೊದಲ ರಾಜ್ಯ ಫ್ಲಾರಿಡಾ (1985). ಆದರೆ ಈ ಹಕ್ಕು ಮನೆಮಾತಾದದ್ದು ಕ್ಯಾಲಿಫೋರ್ನಿಯಾದ ಪ್ರಕರಣದಿಂದ. 1987ರಲ್ಲಿ ಅಲ್ಲಿನ ಪ್ರೌಢಶಾಲಾ ವಿದ್ಯಾರ್ಥಿನಿ ಜೆನಿಫರ್ ಗ್ರಹಾಂ ಕಪ್ಪೆಯ ಛೇದನಕ್ಕೆ ಒಪ್ಪದೆ ನ್ಯಾಯಾಲಯದ ಮೆಟ್ಟಿಲೇರಿದಳು. ಮರುವರ್ಷವೇ ರಾಜ್ಯದ ಶಾಸನಸಭೆ ಕಾಯ್ದೆ ತಂದಿತು.

ಶಿಕ್ಷಣ ಸಂಹಿತೆಯ 32255ನೇ ಸೆಕ್ಷನ್‌ನಿಂದ ಆರಂಭವಾಗುವ ಈ ನಿಯಮಗಳು 12ನೇ ತರಗತಿಯವರೆಗೆ ಅನ್ವಯಿಸುತ್ತವೆ. ನೈತಿಕ ಆಕ್ಷೇಪವಿರುವ ವಿದ್ಯಾರ್ಥಿ ಅದನ್ನು ಶಿಕ್ಷಕರಿಗೆ ತಿಳಿಸಬೇಕು. ಪೋಷಕರ ಪತ್ರ ಕಡ್ಡಾಯ. ಛೇದನದ ಬದಲು ಮಾದರಿ, ಪುಸ್ತಕ, ಚಲನಚಿತ್ರ ಅಥವಾ ಕಂಪ್ಯೂಟರ್ ಬಳಸಿ ಕಲಿಯಬಹುದು. ಈ ಪರ್ಯಾಯಕ್ಕೂ ಅಷ್ಟೇ ಸಮಯ, ಶ್ರಮ ಬೇಕು. ಆದರೆ ಅದು ಶಿಕ್ಷೆಯೆನಿಸುವಷ್ಟು ಕಠಿಣವಾಗಿರಬಾರದು. ಹಕ್ಕು ಚಲಾಯಿಸಿದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ. ಪರ್ಯಾಯ ಸಾಧ್ಯವೇ ಎಂಬ ತೀರ್ಮಾನವನ್ನು ಶಿಕ್ಷಕರಿಗೇ ಬಿಟ್ಟಿರುವುದು ಮಾತ್ರ ಕಾಯ್ದೆಯ ದೊಡ್ಡ ಕೊರತೆ.

ಇತ್ತ ಭಾರತದಲ್ಲೂ, ಪುಸ್ತಕ, ಮಾದರಿಗಳು ಸಾಕಾಗುವಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗ ತಪ್ಪಿಸಬೇಕೆಂಬುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಸೆಕ್ಷನ್‌ನ ಆಶಯ. 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಪ್ರಾಣಿಶಾಸ್ತ್ರದ ಪದವಿ ಹಾಗೂ ಸ್ನಾತಕೋತ್ತರ ತರಗತಿಗಳಲ್ಲಿ ಛೇದನ ಕೈಬಿಡುವಂತೆ ಸೂಚಿಸಿತು.